ಗುಡ್ಡ ನೋಡಾಕೂ ರೊಕ್ಕ ಕೊಡಬೇಕೇನ್ರಿ?

"ಹುಲಿ ಏನ ನಿಮ್ಮ ಮನಿಯಾಗ ಹುಟ್ಟೇತೇನ್ರಿ? ಅದನ್ನ ನೋಡಾಕ ನಿಮಗ್ಯಾಕ ರೊಕ್ಕ ಕೊಡಬೇಕು?"

ಈ ಡೈಲಾಗು ಯಾವ ಸಿನಿಮಾದ್ದೂ ಅಲ್ಲ ಮಿತ್ರರೆ! ಗದಗ ಹತ್ತಿರದ ಬಿಂಕದಕಟ್ಟಿ ಮೃಗಾಲಯದ ಟಿಕೆಟ್ ಕಿಟಕಿಯ ಮುಂದೆ, ಜನವರಿ ತಿಂಗಳ ಒಂದು ಬೆಳಿಗ್ಗೆ, ನನ್ನ ಎರಡೂ ಕಿವಿಯಾರೆ ಕೇಳಿದ್ದು. ಹೊಡೆದವನು ಇಪ್ಪತ್ತರ ಆಸುಪಾಸಿನ ತರುಣ. ಬೈಕಿನ ಪೆಟ್ರೋಲ್ ಟಾಕಿಯ ಮೇಲೆ ಅಭಿಮಾನದ ನಟನ ಸ್ಟಿಕ್ಕರು, ಬೆನ್ನ ಮೇಲೆ ಅದೇ ನಟನ ಮುಖ ಅಚ್ಚಾದ ಟೀ ಶರ್ಟು. ಹಿಂದೆ ಇಬ್ಬರು ದೋಸ್ತರು. ಕಿಟಕಿಯ ಒಳಗಿದ್ದವರು ಇಂಥ ಮಾತು ದಿನಕ್ಕೆ ಹತ್ತು ಸಲ ಕೇಳಿದವರಂತೆ ತಲೆ ಕೂಡ ಎತ್ತದೆ, "ಎಷ್ಟ ಮಂದಿ ಅದೀರಿ?" ಎಂದಷ್ಟೇ ಕೇಳಿದರು.

ನಾನು ಮೆಲ್ಲಗೆ ಹತ್ತಿರ ಹೋದೆ. "ತಮ್ಮಾ, ನಿಮ್ಮ ಹೀರೋನ ಹೋದ ಸಿನಿಮಾ ಮೊದಲ ದಿನಾನ ನೋಡಿದ್ಯೇನು?"

ಹುಡುಗನ ಮುಖ ಅರಳಿತು. "ನೋಡದ ಬಿಡ್ತೀನೇನ್ರಿ ಅಣ್ಣಾರ! ಹುಬ್ಬಳ್ಳಿಗೆ ಹೋಗಿ ನೋಡಿದ್ನಿ. ಟಿಕೇಟಿಗೆ ಐನೂರ!"

"ಐನೂರ ಕೊಡೂ ಮುಂದ ಹಿಂಗ ಜಗಳಾ ತಗದಿದ್ಯೇನು?"

ಹುಡುಗ ನಕ್ಕ. ದೋಸ್ತರೂ ನಕ್ಕರು. ಟಿಕೆಟ್ ತೆಗೆಸಿಕೊಂಡು ಒಳಗೆ ಹೋಗಿಬಿಟ್ಟರು. ನಾನು ಮಾತ್ರ ಅಲ್ಲೇ ನಿಂತೆ. ಹುಡುಗನ ಬಾಯಿ ಮುಚ್ಚಿಸಿದೆನೇ ಹೊರತು ಅವನ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಎನ್ನುವುದು ನನಗೇ ಗೊತ್ತಿತ್ತು. ಸಿನಿಮಾ ಒಬ್ಬರು ದುಡ್ಡು ಹಾಕಿ ಮಾಡಿದ್ದು. ಗುಡ್ಡವನ್ನು, ಕೆರೆಯನ್ನು, ಹಕ್ಕಿಯನ್ನು ಯಾರು ಮಾಡಿದರು? ಅದಕ್ಕೆ ಗೇಟು ಹಾಕಿ ಚೀಟಿ ಹರಿಯುವವರು ಯಾರು?

ಈ ಪ್ರಶ್ನೆಯನ್ನೇ ಕಟ್ಟಿಕೊಂಡು, ದೋಸ್ತನೊಬ್ಬನ ಬೈಕಿನ ಹಿಂದೆ ಕೂತು ಎರಡು ದಿನ ಸುತ್ತಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಸುತ್ತಿ ಬಂದು ನಿಮ್ಮ ಮುಂದೆ ಕೂತಿದ್ದೇನೆ.

ಗೋಡೆ ಹಾರಿದ ಹೀರೋ

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ "ದೊಡ್ಡ ಉಪದೇಶ ಮಾಡಾಕ ಬಂದ್ಯಾ" ಅಂತ ನೀವು ಪುಟ ತಿರುವಿಬಿಡುತ್ತೀರಿ.

ನಾನು ಬೆಟಗೇರಿಯ ಹುಡುಗ. ಮಗ್ಗದ ಸಪ್ಪಳದಲ್ಲೇ ಬೆಳೆದವನು. ಹತ್ತನೇ ಇಯತ್ತೆಯಲ್ಲಿದ್ದಾಗ ನಾವು ಐದು ಜನ ಒಂದು ಉದ್ಯಾನಕ್ಕೆ ಹೋಗಿದ್ದೆವು. (ಯಾವ ಊರಿನ ಉದ್ಯಾನ ಅಂತ ಕೇಳಬೇಡಿ, ನಮ್ಮ ಮಾನ ಉಳಿಯಲಿ!) ಪ್ರವೇಶಕ್ಕೆ ತಲೆಗೆ ಒಂದು ರೂಪಾಯಿ. ಕಿಸೆಯಲ್ಲಿ ದುಡ್ಡಿತ್ತು. ಆದರೂ ಹಿಂಭಾಗದ ಗೋಡೆ ಹಾರಿದೆವು. ಹಾರುವಾಗ ಗಾಜಿನ ಚೂರು ತಾಗಿ ನನ್ನ ಅಂಗೈ ಹರಿಯಿತು. ಆ ಗಾಯದ ಗೆರೆ ಇವತ್ತಿಗೂ ಇದೆ. ಅದೇ ಸಂಜೆ, ಕೈಗೆ ಕರ್ಚೀಪು ಸುತ್ತಿಕೊಂಡು, ಮೂರು ರೂಪಾಯಿಯ ಟಿಕೆಟನ್ನು ಬ್ಲ್ಯಾಕಿನಲ್ಲಿ ಎಂಟಕ್ಕೆ ಕೊಂಡು ಸಿನಿಮಾ ನೋಡಿದೆವು. ಬ್ಲ್ಯಾಕಿನವನಿಗೆ "ಥ್ಯಾಂಕ್ಸ್ ಅಣ್ಣಾ" ಅಂತಲೂ ಹೇಳಿದ ನೆನಪು!

ಹಾಗಾದರೆ ನಾವೇನು ಜಿಪುಣರೆ? ಅಲ್ಲವೇ ಅಲ್ಲ. ಒಂದು ಗೇಟಿನಲ್ಲಿ ಎಂಟು ರೂಪಾಯಿ ಕೊಡಲೂ ತಯಾರು, ಇನ್ನೊಂದು ಗೇಟಿನಲ್ಲಿ ಒಂದು ರೂಪಾಯಿಗೆ ರಕ್ತ ಸುರಿಸಲೂ ತಯಾರು. ಹಾಗಿದ್ದಮೇಲೆ ವ್ಯತ್ಯಾಸ ಇರುವುದು ಕಿಸೆಯಲ್ಲಲ್ಲ, ತಲೆಯಲ್ಲಿ.

ಗೇಟಿನ ದುಡ್ಡು ಎಲ್ಲಿಗೆ ಹೋಗುತ್ತದೆ?

ಬಿಂಕದಕಟ್ಟಿಯ ಕಥೆಗೆ ಬರೋಣ. ಅದು ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೈಕೆಳಗಿನ ಸಣ್ಣ ಮೃಗಾಲಯಗಳಲ್ಲಿ ಒಂದು. ಪ್ರಾಧಿಕಾರ ಹುಟ್ಟಿದ್ದು 1979ರಲ್ಲಿ. ಮೈಸೂರು, ಬನ್ನೇರುಘಟ್ಟದಂಥ ಘಟಾನುಘಟಿಗಳ ಜೊತೆಗೆ ನಮ್ಮ ಗದಗದ್ದೂ ಅದೇ ಕುಟುಂಬ. ಇಂಥ ಜಾಗಗಳಿಗೆ ಗೇಟಿನ ದುಡ್ಡು ಎಂದರೆ ಬಾಕ್ಸಾಫೀಸ್ ಇದ್ದ ಹಾಗೆ. ಹುಲಿಗೆ ಮಾಂಸ, ಜಿಂಕೆಗೆ ಮೇವು, ಕಾವಲಿನವರಿಗೆ ಪಗಾರ, ದವಾಖಾನೆಗೆ ಔಷಧಿ... ಹುಲಿ "ಈ ವಾರ ಕಲೆಕ್ಷನ್ ಡಲ್ಲು" ಅಂತ ಉಪವಾಸ ಕೂರುವುದಿಲ್ಲವಲ್ಲ!

ಇದು ಎಲ್ಲರಿಗೂ ಗೊತ್ತಾದದ್ದು ಕೊರೊನಾ ಕಾಲದಲ್ಲಿ. ಲಾಕ್‌ಡೌನಿನಲ್ಲಿ ಟಾಕೀಸುಗಳಿಗೂ ಬೀಗ, ಮೃಗಾಲಯಗಳಿಗೂ ಬೀಗ. ಟಾಕೀಸಿನ ಪರದೆಗೆ ಹಸಿವಾಗುವುದಿಲ್ಲ, ಪ್ರಾಣಿಗಳಿಗೆ ಆಗುತ್ತದೆ. 2021ರ ಜೂನ್ ತಿಂಗಳಲ್ಲಿ ನಟ ದರ್ಶನ್ ಅವರು, ಮೃಗಾಲಯದ ಪ್ರಾಣಿಗಳನ್ನು ದತ್ತು ಪಡೆಯಿರಿ ಎಂದು ಕರೆ ಕೊಟ್ಟರು. ಪ್ರಾಣಿಯ ಖರ್ಚಿಗೆ ದುಡ್ಡು ಕಟ್ಟಿದರೆ ನಿಮ್ಮ ಹೆಸರಿನಲ್ಲಿ ಪ್ರಮಾಣಪತ್ರ. ಅಭಿಮಾನಿಗಳು ಮುಗಿಬಿದ್ದರು! ಹುಲಿ, ಆನೆ ಆಗದಿದ್ದವರು ಹಕ್ಕಿಗಾದರೂ ಕಟ್ಟಿದರು. ಪ್ರಮಾಣಪತ್ರದ ಫೋಟೊ ಫೋನಿನಿಂದ ಫೋನಿಗೆ ಹಾರಾಡಿತು. (ಮುಂದೆ ಆ ನಟರ ಮೇಲೆ ಬಂದ ಕೇಸು ಕೋರ್ಟಿನ ವಿಷಯ, ಅದು ಇಲ್ಲಿ ಬೇಡ. ನಾನು ಹೇಳುತ್ತಿರುವುದು ದುಡ್ಡು ಕಟ್ಟಿದ ಹುಡುಗರ ಮಾತು.)

ನೋಡಿ ಮಿತ್ರರೆ, ಗೇಟಿನಲ್ಲಿ ಜಗಳ ಆಡುವ ಅದೇ ವಯಸ್ಸಿನ ಹುಡುಗರು, ಗೇಟೇ ಮುಚ್ಚಿದ್ದಾಗ, ಒಳಗೆ ಹೋಗಿ ನೋಡುವ ಆಸೆಯೂ ಇಲ್ಲದೆ ದುಡ್ಡು ಕಟ್ಟಿದರು. ಕಾರಣ ಸುಲಭ. ಕೇಳಿದವರ ಮೇಲೆ ಪ್ರೀತಿ ಇತ್ತು, ದುಡ್ಡು ಯಾವ ಹೊಟ್ಟೆಗೆ ಹೋಗುತ್ತದೆ ಎನ್ನುವುದು ಗೊತ್ತಿತ್ತು, ಕೈಗೆ ಒಂದು ರಸೀದಿ ಸಿಕ್ಕಿತ್ತು.

ಇನ್ನೊಂದು ನೆನಪು ಮಾಡಿಕೊಳ್ಳಿ. 1973ರಲ್ಲಿ 'ಗಂಧದ ಗುಡಿ'ಯಲ್ಲಿ ಅರಣ್ಯಾಧಿಕಾರಿಯಾಗಿ ಬಂದ ರಾಜಕುಮಾರ್ ಕಾಡನ್ನು ನಮ್ಮ ಮನೆಯ ಮಾತಾಗಿಸಿದರು. 2022ರಲ್ಲಿ ಅದೇ ಹೆಸರಿನ ಪುನೀತ್ ರಾಜಕುಮಾರ್ ಅವರ ಕೊನೆಯ ಚಿತ್ರ ಬಂದಾಗ, ಮಕ್ಕಳೂ ನೋಡಲಿ ಎಂದು ನವೆಂಬರಿನಲ್ಲಿ ಕೆಲವು ದಿನ ಟಿಕೆಟ್ ದರ ಇಳಿಸಿದರು. ಮಾಮೂಲಿ ಟಾಕೀಸಿನಲ್ಲಿ 56 ರೂಪಾಯಿ, ಮಲ್ಟಿಪ್ಲೆಕ್ಸಿನಲ್ಲಿ 112. ಪರದೆಯ ಮೇಲಿನ ಕಾಡಿಗೂ ಟಿಕೆಟ್ ಇತ್ತು, ಯಾರೂ ತಕರಾರು ಮಾಡಲಿಲ್ಲ!

ಹುಂಡಿಗೆ ರಸೀದಿ ಬೇಡ

ಗದಗದಿಂದ ಲಕ್ಷ್ಮೇಶ್ವರಕ್ಕೆ ಬಂದೆವು. ಹಳೆಯ ಹೆಸರು ಪುಲಿಗೆರೆ. 'ಕವಿರಾಜಮಾರ್ಗ'ದ ಕಾಲದಿಂದಲೂ ತಿರುಳ್ಗನ್ನಡದ ಸೀಮೆ ಎಂದು ಹೆಸರಾದ ಊರು. ಸೋಮೇಶ್ವರನ ಗುಡಿಯ ಅಂಗಳದ ನೆರಳಿನಲ್ಲಿ ಕಾಲು ಚಾಚಿದರೆ ಏಳುವ ಮನಸ್ಸೇ ಬರುವುದಿಲ್ಲ.

ನಾವು ಕೂತ ಅರ್ಧ ಗಂಟೆಯಲ್ಲಿ ಲೆಕ್ಕ ಹಾಕುತ್ತಾ ಹೋದೆ. ಬಂದ ಜನ ಹುಂಡಿಗೆ ಹತ್ತು, ಇಪ್ಪತ್ತು, ಒಬ್ಬ ಅಜ್ಜಿ ಸೀರೆಯ ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಹಾಕಿದಳು. ಕೇಳಿದವರಿಲ್ಲ. ರಸೀದಿ ಇಲ್ಲ. "ಇದು ಎಲ್ಲಿ ಹೋಗ್ತೈತ್ರಿ" ಅಂತ ಯಾರೂ ಕೇಳಲಿಲ್ಲ. ದೋಸ್ತ ನನ್ನ ಕಿವಿಯಲ್ಲಿ ಅಂದ, "ಇದ ಅಜ್ಜಿನ್ನ ಒಂದು ಪಾರ್ಕಿನ ಗೇಟಿಗೆ ಕರ್ಕೊಂಡ ಹೋಗು, ಹತ್ತ ರೂಪಾಯಿ ಕೇಳಿ ನೋಡು. ಬೈದು ಹೊರಗ ಹಾಕ್ತಾಳ!"

ತಾನಾಗಿ ಕೊಟ್ಟರೆ ಕಾಣಿಕೆ, ಕೇಳಿ ತೆಗೆದುಕೊಂಡರೆ ಕಂದಾಯ. ನಮ್ಮ ಜನರ ಲೆಕ್ಕ ಇಷ್ಟೇ.

ಶಿರಹಟ್ಟಿಯ ಫಕೀರೇಶ್ವರ ಮಠದ ಮುಂದೆಯೂ ಅದೇ ಮಾತು ಮುಂದುವರಿಯಿತು. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನಡೆದುಕೊಳ್ಳುವ ಗದ್ದುಗೆ ಅದು. ನಮ್ಮ ಸೀಮೆಯ ಮಠಗಳ ದಾಸೋಹದಲ್ಲಿ ಊಟಕ್ಕೆ ಕೂತವನನ್ನು ಯಾರೂ ಟಿಕೆಟ್ ಕೇಳುವುದಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ರೈತ ಜೋಳದ ಚೀಲ ಹೊತ್ತು ತರುತ್ತಾನೆ. ಉಂಡವನೇ ತಂದಿರಬೇಕು ಎಂದಿಲ್ಲ, ತಂದವನೇ ಉಣ್ಣಬೇಕು ಎಂದೂ ಇಲ್ಲ. ಯಾರೋ ಒಬ್ಬರು ತಂದಿರುತ್ತಾರೆ, ಅದಕ್ಕೇ ಒಲೆ ಉರಿಯುತ್ತದೆ.

ಈ "ಯಾರೋ ಒಬ್ಬರು" ಎಂಬ ಮಾತಿನ ನಿಜವಾದ ಅರ್ಥ ನನಗೆ ಗೊತ್ತಾದದ್ದು ಅದೇ ಸಂಜೆ, ಮಾಗಡಿ ಕೆರೆಯ ದಂಡೆಯ ಮೇಲೆ.

ಮಾಗಡಿಯ ಸಂಜೆ ಷೋ

ಶಿರಹಟ್ಟಿಯಿಂದ 8 ಕಿಲೋಮೀಟರು. ಪುಟ್ಟ ಊರು, ಊರಿಗೊಂದು ಕೆರೆ. ಆದರೆ ಚಳಿಗಾಲ ಬಂತೆಂದರೆ ಈ ಕೆರೆಯಲ್ಲಿ ಅಂತಾರಾಷ್ಟ್ರೀಯ ತಾರಾಮೇಳ! ಪಟ್ಟೆತಲೆ ಹೆಬ್ಬಾತು ಎಂಬ ಬೂದು-ಬಿಳಿ ಹಕ್ಕಿ, ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯವನ್ನೇ ದಾಟಿ ಬರುವ ಜಾತಿ. ಈ ಹಕ್ಕಿ 7 ಸಾವಿರ ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ದಾಖಲು ಮಾಡಿದ್ದಾರೆ. ಯಾವ ಸ್ಟಂಟ್ ಮಾಸ್ಟರೂ ಕಂಪೋಸ್ ಮಾಡಲಾರದ ಫೈಟು ಅದು! 2024ರ ಜನವರಿ 31ರಂದು ಮಾಗಡಿ ಕೆರೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿದ ತಾಣವೆಂದು ಘೋಷಿಸಿದರು. ಜಗತ್ತಿನ ಮುಖ್ಯ ಜೌಗು ತಾಣಗಳ ಪಟ್ಟಿ ಅದು. ಅಘನಾಶಿನಿ, ಅಂಕಸಮುದ್ರದ ಜೊತೆಗೆ ನಮ್ಮ ಮಾಗಡಿಯ ಹೆಸರೂ ಬಂತು.

ನಾವು ಹೋದಾಗ ದಂಡೆಯ ಮೇಲೆ ಹತ್ತಾರು ಜನ. ಉದ್ದ ಲೆನ್ಸಿನ ಕ್ಯಾಮರಾದವರು, ಸೆಲ್ಫಿಯವರು, ಮಂಡಕ್ಕಿ ಪೊಟ್ಟಣದವರು. ನಮ್ಮನ್ನು ಯಾರೂ ಟಿಕೆಟ್ ಕೇಳಲಿಲ್ಲ. ದೋಸ್ತ ಖುಷಿಯಾಗಿ, "ಇದು ನೋಡ ಮತ್ತ ಲಾಯಕ್ ಜಾಗಾ! ಫುಲ್ ಫ್ರೀ!" ಎಂದು ಜೋರಾಗಿಯೇ ಹೇಳಿದ.

ಪಕ್ಕದಲ್ಲಿ ಟವೆಲ್ಲು ಸುತ್ತಿಕೊಂಡು ಕೂತಿದ್ದ ರೈತ ಕಾಕಾ ಒಬ್ಬರು ತಿರುಗಿ ನೋಡಿದರು. ಸಿಟ್ಟಿರಲಿಲ್ಲ. ಮೆಲ್ಲಗೆ ಅಂದರು: "ಫ್ರೀ ನಿಮಗೈತಿ ತಮ್ಮಾ. ಟಿಕೇಟ ನಾವು ತಗಸೇವಿ."

ಅರ್ಥವಾಗಲಿಲ್ಲ. "ಹಂಗಂದ್ರ ಕಾಕಾ?"

"ಸ್ವಲ್ಪ ತಡಿ, ಕತ್ತಲಾಗಲಿ" ಅಂದರು.

ಸೂರ್ಯ ಮುಳುಗಿದ. ಕ್ಯಾಮರಾದವರು ಚೀಲ ಕಟ್ಟಿದರು. ಕಾರುಗಳು ಹೊರಟವು. ಆಗ ಶುರುವಾಯಿತು ನೋಡಿ ಷೋ! ಇಡೀ ದಿನ ನೀರಿನಲ್ಲಿ ಮುದುಡಿ ಕೂತಿದ್ದ ಹೆಬ್ಬಾತುಗಳು ಒಂದು ಕಡೆಯಿಂದ ಕೂಗು ಹಾಕಿದವು. ಒಂದು ಹಿಂಡು ಎದ್ದಿತು, ಹಿಂದೆ ಇನ್ನೊಂದು, ಮತ್ತೊಂದು... ತಲೆಯ ಮೇಲೆ ರೆಕ್ಕೆಯ ಸಪ್ಪಳ ಮಗ್ಗದ ಲಾಳಿಯ ಹಾಗೆ ಕೇಳಿಸಿತು. ಮೈ ಜುಮ್ಮೆಂದಿತು. ನೇರವಾಗಿ ಹೊಲಗಳ ಕಡೆಗೆ ಹೋದವು.

ಕಾಕಾ ಕೈ ಎತ್ತಿ ತೋರಿಸಿದರು. "ಹಗಲೆಲ್ಲ ಕೆರಿಯಾಗ ನಿದ್ದಿ, ರಾತ್ರಿ ಹೊಲದಾಗ ಊಟ. ಅಲ್ಲಿ ನಂದು ಕಡ್ಲಿ ಐತಿ. ಚಿಗುರ ಮೇದು ಬೆಳಗಾಗೂದ್ರಾಗ ವಾಪಸ್ ಬರ್ತಾವ. ನೀವು ನೋಡಾಕ ಬರೂದು ಹಗಲು. ನಮ್ಮ ಖರ್ಚು ರಾತ್ರಿ."

"ಮತ್ತ ಓಡಸೂದಿಲ್ಲೇನ್ರಿ?"

"ಹೊಲಕ್ಕ ಬಂದ್ರ ಕೂಗು ಹಾಕಿ ಎಬ್ಬಸ್ತೀವಿ. ಬಡಿಯೂದಿಲ್ಲ. ನಮ್ಮ ಅಪ್ಪನ ಕಾಲದಿಂದ ಬರ್ತಾವ, ಬಾಣಂತನಕ್ಕ ಬಂದ ಮಗಳಿಗೆ ಊಟಾ ಇಲ್ಲ ಅನ್ನಾಕ ಬರ್ತೈತೇನು?" ಅಂದರು. ಆಮೇಲೆ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಊರಿಂದ ನೋಡಾಕ ಬಂದವ್ರು, ಹಾಳಿ ಬಾಟ್ಲಿ ಒಗದು, ಫ್ರೀ ಫ್ರೀ ಅಂತ ಕೇಕಿ ಹೊಡದು ಹೋದ್ರ ಸ್ವಲ್ಪ ಹೊಟ್ಟಿ ಉರಿತೈತಿ" ಎಂದರು.

ದೋಸ್ತ ತಲೆ ತಗ್ಗಿಸಿದ. ನಾನೂ.

ಮಿತ್ರರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಅವ್ವ, ಅಕ್ಕಂದಿರು ಕೆಂಪು ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಿದ್ದಾರೆ. ಆದರೂ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದೇ ಹರಿಯುತ್ತಾನೆ. ಯಾಕೆ? ಆ ದುಡ್ಡನ್ನು ಬೇರೆ ಯಾರೋ ಕಟ್ಟಬೇಕಲ್ಲ, ಅದರ ಲೆಕ್ಕಕ್ಕೆ! ಮಾಗಡಿಯಲ್ಲಿ ಆ ಸೊನ್ನೆ ಟಿಕೆಟೂ ಇಲ್ಲ. ಕಾಕಾನ ಕಡಲೆಯ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ಪುಕ್ಕಟೆ ಜಾಗ ಅನ್ನುವುದೇ ಇಲ್ಲ ಈ ಲೋಕದಲ್ಲಿ. ಟಿಕೆಟ್ ನೀವು ತೆಗೆಸದಿದ್ದರೆ ನಿಮ್ಮ ಹೆಸರಲ್ಲಿ ಇನ್ನೊಬ್ಬ ತೆಗೆಸಿರುತ್ತಾನೆ.

ಇಂಟರ್‌ವಲ್ ನಂತರ ಟ್ವಿಸ್ಟು

"ಹಂಗಾದ್ರ ಎಲ್ಲಾ ಕಡೆ ಗೇಟ್ ಹಾಕಿ ರೊಕ್ಕ ವಸೂಲಿ ಮಾಡ್ರಿ ಅಂತೀಯೇನು?" ಅಂತ ಕೇಳುತ್ತೀರಿ. ತಡೆಯಿರಿ, ಇನ್ನೊಂದು ಸೀನ್ ಇದೆ.

ಮರುದಿನ ಹಾದಿಯಲ್ಲಿ ಒಂದು ಉದ್ಯಾನ ಸಿಕ್ಕಿತು. ಹೆಸರು ಬೇಡ. ಗೇಟಿನಲ್ಲಿ ಕೂಲಿ ಮಾಡುವ ತಂದೆ, ತಾಯಿ, ಮೂರು ಮಕ್ಕಳು. ತಂದೆ ಬೋರ್ಡು ನೋಡಿ ಬೆರಳು ಮಡಚಿ ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ. ಆಮೇಲೆ ಮಕ್ಕಳಿಗೆ "ಒಳಗ ಏನೂ ಇಲ್ಲ ಬರ್ರಿ, ಎಲ್ಲಾ ಪ್ರಾಣಿ ಮಕ್ಕೊಂಡಾವಂತ" ಎಂದು ಸುಳ್ಳು ಹೇಳಿ ಹೊರಗಿನ ಮರದ ಕೆಳಗೆ ಶೇಂಗಾ ಕೊಡಿಸಿದ. ಸಣ್ಣ ಮಗಳು ಶೇಂಗಾ ತಿನ್ನುತ್ತಲೇ ಕಂಪೌಂಡಿನ ಸಂದಿಯಿಂದ ಒಳಗೆ ಇಣುಕುತ್ತಿದ್ದಳು. ನಾನು ಗೋಡೆ ಹಾರಿದ್ದು ಹುಡುಗಾಟಕ್ಕೆ. ಆ ಮಗು ಇಣುಕಿದ್ದು ಹುಡುಗಾಟಕ್ಕಲ್ಲ. ಐದು ಜನರ ಟಿಕೆಟ್ ಎಂದರೆ ಅವರಿಗೆ ಒಂದು ಹೊತ್ತಿನ ಸಂತೆ.

ಅದೇ ಗೇಟಿನ ಪಕ್ಕ ಒಬ್ಬ ಬಂದು ನಮ್ಮ ಬೈಕಿಗೆ ಇಪ್ಪತ್ತು ರೂಪಾಯಿ ವಸೂಲಿ ಮಾಡಿದ. ರಸೀದಿ ಕೇಳಿದರೆ "ಬುಕ್ಕ ಖಾಲಿ ಆಗೇತ್ರಿ" ಎಂದ. ಇದೂ ಸತ್ಯ, ಇದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. ಬಿಂಕದಕಟ್ಟಿಯಲ್ಲಿ ಜಗಳ ತೆಗೆದ ಹುಡುಗ ಇಂಥ ಎಷ್ಟು ಖಾಲಿ ಬುಕ್ಕುಗಳನ್ನು ನೋಡಿದ್ದನೋ ಏನೋ!

ಗುಡ್ಡಕ್ಕೆ ಟಿಕೆಟ್ ತೆಗೆಸಿದವರು

ಮುಂಡರಗಿ ಮುಟ್ಟಿ, ಡಂಬಳದ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗೋಡೆ ನೋಡಿ, ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆವು. ಮಿರ್ಚಿ ಭಜಿ ಬಿಸಿ ಬಿಸಿ. ಎದುರಿಗೆ ಕಪ್ಪತ್ತಗುಡ್ಡ. ಬಿಂಕದಕಟ್ಟಿಯ ಕಡೆಯಿಂದ ಶಿಂಗಟಾಲೂರಿನ ಹೊಳೆಯ ತನಕ ಸುಮಾರು 63 ಕಿಲೋಮೀಟರು ಮಲಗಿರುವ ಗುಡ್ಡಸಾಲು. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡುವುದು ಲೇಸು ಎನ್ನುವುದು ಇಲ್ಲಿಯವರ ಮಾತು. ಮಳೆಗಾಲದಲ್ಲಿ ಮೋಡ ಗುಡ್ಡದ ಮೈ ಸವರಿಕೊಂಡು ಹೋಗುವಾಗ ಗಾಳಿಗುಂಡಿ ಬಸವಣ್ಣನ ಕಡೆ ಬೈಕುಗಳ ಜಾತ್ರೆ.

"ಇದಕ್ಕ ಟಿಕೇಟ್ ಮಾಡಿದ್ರ ಕೊಡ್ತೀರೇನ್ರಿ?" ಎಂದು ಬೆಂಚಿನ ಮೇಲಿದ್ದವರನ್ನು ಕೇಳಿದೆ.

"ಗುಡ್ಡ ನೋಡಾಕೂ ರೊಕ್ಕ ಕೊಡಬೇಕೇನ್ರಿ? ಗುಡ್ಡ ನಮ್ಮದು!" ಒಬ್ಬ ತರುಣ ಹಾರಿಬಿದ್ದ.

ಮೂಲೆಯಲ್ಲಿದ್ದ ಹಿರಿಯರು ಚಹಾದ ಕಪ್ಪು ಕೆಳಗಿಟ್ಟರು. "ನಮ್ಮದು ಖರೆ. ಹಂಗಂತ ಪುಕ್ಕಟೆ ಉಳದಿಲ್ಲ ಅದು" ಎಂದರು.

ಅವರು ಹೇಳಿದ್ದು ಗದಗ ಸೀಮೆಯವರಿಗೆಲ್ಲ ಗೊತ್ತಿರುವ ಕಥೆ. ಗುಡ್ಡದ ಹೊಟ್ಟೆಯಲ್ಲಿ ಚಿನ್ನವಿದೆ, ಕಬ್ಬಿಣವಿದೆ ಎಂದು ಅಗೆಯಲು ಕಂಪನಿಗಳು ಸಾಲು ನಿಂತಿದ್ದ ಕಾಲ. 2015ರ ಡಿಸೆಂಬರಿನಲ್ಲಿ ಸರಕಾರ ಗುಡ್ಡವನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. 2016ರ ನವೆಂಬರಿನಲ್ಲಿ ಆ ಆದೇಶವನ್ನೇ ಹಿಂದಕ್ಕೆ ಪಡೆಯಿತು. 2017ರ ಫೆಬ್ರುವರಿಯಲ್ಲಿ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಗದಗದಲ್ಲಿ ಜನ ಹಗಲು ರಾತ್ರಿ ಧರಣಿ ಕೂತರು. ಅದೇ ವರ್ಷ ಆದೇಶ ಮರಳಿ ಬಂತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರು ವನ್ಯಜೀವಿ ಧಾಮವೇ ಆಯಿತು. ಕೂಲಿ ಬಿಟ್ಟು, ಅಂಗಡಿ ಮುಚ್ಚಿ, ಚಳಿಯಲ್ಲಿ ಕೂತವರು ಕೊಟ್ಟದ್ದೇ ಈ ಗುಡ್ಡದ ಟಿಕೆಟ್ಟು. ಅದರ ಮೇಲೆ ನಿಂತು ಇವತ್ತು ನಾವು ರೀಲ್ಸ್ ಮಾಡುತ್ತೇವೆ!

ತರುಣ ಸುಮ್ಮನಾದ. ಆಮೇಲೆ ಒಂದು ಮಾತು ಹೇಳಿದ, ಎರಡು ದಿನದಲ್ಲಿ ನಾನು ಕೇಳಿದ ಅತ್ಯಂತ ಚೊಕ್ಕ ಮಾತು: "ರೊಕ್ಕ ಕೊಡಾಕ ನಮಗೇನ ತ್ರಾಸಿಲ್ರಿ. ನಮ್ಮ ರೊಕ್ಕ ಗುಡ್ಡದಾಗ ಉಳಿಬೇಕು. ಬ್ಯಾಸಗ್ಯಾಗ ಬೆಂಕಿ ಬೀಳ್ತೈತಿ, ಆರಸಾಕ ಹೋಗೂ ಹುಡುಗ್ರಿಗೆ ಆ ರೊಕ್ಕದಾಗ ಪಗಾರ ಕೊಡ್ರಿ. ಎಷ್ಟ ಬಂತು, ಎಷ್ಟ ಹೋತು ಬರದು ಹಚ್ರಿ. ನಾಳೆ ಕೊಡ್ತೀನಿ."

ಇದೇನು ಆಗದ ಮಾತಲ್ಲ. 2006ರ ಕಾಯ್ದೆ ತಿದ್ದುಪಡಿಯ ಪ್ರಕಾರ ಹುಲಿ ಸಂರಕ್ಷಿತ ಕಾಡುಗಳಲ್ಲಿ ಗೇಟಿನ ದುಡ್ಡನ್ನು ಆ ಕಾಡಿನ ಪ್ರತಿಷ್ಠಾನವೇ ಇಟ್ಟುಕೊಂಡು ಅಲ್ಲೇ ಖರ್ಚು ಮಾಡಬಹುದು. ಪುರಾತತ್ವ ಇಲಾಖೆಯ ಟಿಕೆಟ್ ತಾಣಗಳಲ್ಲಿ 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಕಾರಿನವನಿಗೆ ಹೆಚ್ಚು, ಮಕ್ಕಳಿಗೆ ಸೊನ್ನೆ, ಸುತ್ತಲಿನ ಊರವರಿಗೆ ಸೊನ್ನೆ, ಬಂದದ್ದರಲ್ಲಿ ಒಂದು ಪಾಲು ಕಾಕಾನ ಕಡಲೆಗೆ... ಮನಸ್ಸಿದ್ದರೆ ಮಾರ್ಗ.

ಶುಭಂ ಹಾಕುವ ಮುನ್ನ

ವಾಪಸು ಬರುವಾಗ ದೋಸ್ತನಿಗೆ ಕಣಗಿನಹಾಳದ ಕಡೆ ಬೈಕು ತಿರುಗಿಸಲು ಹೇಳಿದೆ. ಗದಗ ತಾಲೂಕಿನ ಸಣ್ಣ ಊರು. 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಇಲ್ಲಿಯ ರೈತರು ಕಾಸಿಗೆ ಕಾಸು ಕೂಡಿಸಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಅದಕ್ಕೆ ಹೆಸರು. ಆ ರೈತರು ನಮ್ಮಷ್ಟು ಓದಿದವರಲ್ಲ, ನಮ್ಮಷ್ಟು ದುಡ್ಡೂ ಅವರ ಹತ್ತಿರ ಇರಲಿಲ್ಲ. ಆದರೂ ಕೊಟ್ಟರು. ಪೆಟ್ಟಿಗೆ ಊರಿನದು, ಲೆಕ್ಕ ಕಣ್ಣ ಮುಂದೆ ಇತ್ತು, ಅದಕ್ಕೆ.

ಅಭಿಮಾನಿ ಮಿತ್ರರೆ, ನಿಮ್ಮ ಹೀರೋನ ಸಿನಿಮಾ ಮೊದಲ ದಿನ ಎಷ್ಟು ಕೋಟಿ, ಮೊದಲ ವಾರ ಎಷ್ಟು ಕೋಟಿ, ಯಾವ ಏರಿಯಾದಲ್ಲಿ ಎಷ್ಟು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೀರಿ. ಆ ದುಡ್ಡಿನಲ್ಲಿ ನಿಮಗೆ ಒಂದು ಪೈಸೆಯ ಪಾಲಿಲ್ಲ! ನಿಮ್ಮ ಊರಿನ ಕೆರೆಯ, ಗುಡ್ಡದ, ಮೃಗಾಲಯದ ಕಲೆಕ್ಷನ್ ಎಷ್ಟು? ಅದರಲ್ಲಿ ನಿಮ್ಮ ಪಾಲಿದೆ. ಯಾವತ್ತಾದರೂ ಕೇಳಿದ್ದೀರಾ?

ಮುಂದಿನ ಸಲ ಗೇಟಿನಲ್ಲಿ ಜಗಳ ಆಡಲೇಬೇಕು ಅನ್ನಿಸಿದರೆ ಆಡಿ. "ಯಾಕ ಕೊಡಬೇಕು" ಅಂತಲ್ಲ. ದುಡ್ಡು ಕೊಟ್ಟು, ರಸೀದಿ ಕೈಯಲ್ಲಿ ಹಿಡಿದು, "ಇದು ಎಲ್ಲಿ ಹೋಗ್ತೈತಿ ತೋರಸ್ರಿ" ಅಂತ ಜಗಳ ಆಡಿ. ನಿಮ್ಮ ಹಿಂದೆ ಸಾಲಿನಲ್ಲಿ ಬೆರಳು ಮಡಚಿ ಲೆಕ್ಕ ಹಾಕುವ ತಂದೆ ಇದ್ದರೆ, ಆ ಮೂರು ಮಕ್ಕಳ ಟಿಕೆಟ್ಟನ್ನೂ ತೆಗೆಸಿಬಿಡಿ. ಬ್ಲ್ಯಾಕಿನವನಿಗೆ ಕೊಟ್ಟದ್ದಕ್ಕಿಂತ ಕಡಿಮೆಯೇ ಆಗುತ್ತದೆ.

ನಾನು ಆ ದಿನ ಉದ್ಯಾನದ ಗೇಟಿನಲ್ಲಿ ಹಾಗೆ ಮಾಡಲಿಲ್ಲ. ಬೈಕಿನ ಇಪ್ಪತ್ತು ರೂಪಾಯಿಯ ರಸೀದಿಗೆ ವಾದ ಮಾಡುತ್ತಾ ನಿಂತಿದ್ದೆ. ತಿರುಗಿ ನೋಡುವಷ್ಟರಲ್ಲಿ ಆ ಕುಟುಂಬ ಬಸ್ಸು ಹತ್ತಿ ಹೋಗಿತ್ತು. ಅಂಗೈಯ ಗಾಯದ ಗೆರೆ ನೋಡಿದಾಗಲೆಲ್ಲ ಈಗ ಗೋಡೆ ನೆನಪಾಗುವುದಿಲ್ಲ, ಆ ಮಗು ನೆನಪಾಗುತ್ತದೆ.